ಹೆಬ್ಬೂರಿನವರೆಗೆ ನಿಜ

ಆಕಾಶದ ಕಥೆಗಳೆಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು ನಾನು. ಗಾಳಿಯೇ ಇಲ್ಲದ ಕಡೆ ಢಂ ಎಂದು ಸದ್ದು ಮಾಡಿ ಸಿಡಿಯುವ ಹಡಗು, ಉಸಿರು ಬಿಗಿಹಿಡಿದು ಹೊರಗೆ ನೆಗೆಯುವ ನಾಯಕ, ಇವನ್ನೆಲ್ಲ ನೋಡಿಕೊಂಡು ಬಂದ ಮಕ್ಕಳು ಮಾರನೆಯ ದಿನ ಕ್ಲಾಸಿನಲ್ಲಿ ನನ್ನ ತಲೆ ತಿನ್ನುತ್ತಾರೆ. ಅಂಥ ನಾನು ಕಳೆದ ಭಾನುವಾರ ತಿಂಡಿಯನ್ನೂ ನೆಟ್ಟಗೆ ತಿನ್ನದೆ ತುಮಕೂರಿನಿಂದ ಹೆಬ್ಬೂರಿಗೆ ಬಸ್ಸು ಹತ್ತಿ ಹೋದೆ. ಯಾಕೆ? ಒಂದು ಆಕಾಶದ ಸೀರಿಯಲ್ಲಿನ ಮೂರನೆಯ ಸೀಸನ್ನಿನ ಮೊದಲ ಎಪಿಸೋಡ್ ನೋಡುವುದಕ್ಕೆ. ಕೇಳಿದ್ದರೆ ಆಪಾ ಬಿದ್ದು ಬಿದ್ದು ನಗುತ್ತಿದ್ದರು. ನಗುವುದಕ್ಕೆ ಅವರಿಲ್ಲ. ಅವರು ಹೋಗಿ ಇನ್ನೂ ವರ್ಷ ತುಂಬಿಲ್ಲ.

ಆಪಾ ಎಂದರೆ ಉರ್ದುವಿನಲ್ಲಿ ಅಕ್ಕ. ಬಸ್ಸಿನವರೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು, ಅವರಿಗಿಂತ ದೊಡ್ಡವರೂ ಸಹ. ಮನೆ ಮರಳೂರಿನಲ್ಲಿ. ಯಜಮಾನರದು ಹಾಸಿಗೆ ದಿಂಬು ಹೊಲಿಸುವ ಅಂಗಡಿ. ಮಕ್ಕಳಿರಲಿಲ್ಲ. ಆಪಾಗೆ ಕುಣಿಗಲ್‌ನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ ಕೆಲಸ, ನನ್ನ ಶಾಲೆಯೂ ಕುಣಿಗಲ್‌ನಲ್ಲೇ. ನಾನು ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಹತ್ತಿ, ಮೂರು ಜನರ ಸೀಟಿನಲ್ಲಿ ಕಿಟಕಿ ಪಕ್ಕ ಕೂತು, ಮಿಕ್ಕ ಜಾಗದ ಮೇಲೆ ಬ್ಯಾಗು ಮತ್ತು ಊಟದ ಬುಟ್ಟಿ ಇಟ್ಟು ಕಾಯುತ್ತಿದ್ದೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಇದಕ್ಕಾಗಿ ದಿನಾ ಒಂದು ಜಗಳ ಆಡಬೇಕಾಗಿತ್ತು. ಜಗಳಕ್ಕೆ ನಾನು ಹಿಂದೆ ಸರಿಯುವವಳಲ್ಲ ಬಿಡಿ. ಮರಳೂರಿನಲ್ಲಿ ಆಪಾ ಹತ್ತುತ್ತಿದ್ದರು, ಹೆಬ್ಬೂರಿನಲ್ಲಿ ಪುಟ್ಟಮ್ಮ.

ಪುಟ್ಟಮ್ಮ ಕುಣಿಗಲ್‌ನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ. ಊರಿನಲ್ಲಿ ಸ್ವಲ್ಪ ತೆಂಗು, ರಾಗಿ ಹೊಲ ಇದೆ. ಹಿಂದಿ ಬಾರದು, ಇಂಗ್ಲಿಷಂತೂ ಕೇಳಲೇಬೇಡಿ. ಆಪಾ ಹಿಂದಿಯಲ್ಲಿ ನೋಡಿಕೊಂಡು ಬರುತ್ತಿದ್ದ ಆ ಸೀರಿಯಲ್ಲನ್ನು ಪುಟ್ಟಮ್ಮನಿಗೆ ಕನ್ನಡದಲ್ಲಿ ಹೇಳುತ್ತಿದ್ದರು, ಹೆಬ್ಬೂರಿನಿಂದ ಕುಣಿಗಲ್‌ವರೆಗೆ, ಪ್ರತಿದಿನ ಒಂದಿಷ್ಟು. ಅದರ ನಿಜವಾದ ಹೆಸರು ಯಾರ ಬಾಯಿಗೂ ತಿರುಗುತ್ತಿರಲಿಲ್ಲ. ಆಪಾ ಅದಕ್ಕೆ 'ನಮ್ ಹಡಗು' ಅನ್ನುತ್ತಿದ್ದರು, ಅವರ ತವರಿನವರೇ ಅದನ್ನು ಓಡಿಸುತ್ತಿದ್ದಾರೇನೋ ಎನ್ನುವಂತೆ.

ಹೇಳುವಾಗ ಅವರ ಬಲಗೈ ಹಡಗಾಗುತ್ತಿತ್ತು. ಮುಂದಿನ ಸೀಟಿನ ಕಂಬಿಯ ಮೇಲೆ ಅದು ನಿಧಾನಕ್ಕೆ ತೇಲುತ್ತಾ ಹೋಗುತ್ತಿತ್ತು. ಬಸ್ಸು ಹಂಪ್ ಹಾರಿದಾಗ "ನೋಡಿ, ಉಲ್ಕೆ ತಾಗ್ತು" ಅನ್ನುತ್ತಿದ್ದರು. ಚಂದ್ರನ ಮೇಲಿನ ಹಳ್ಳ ಹೇಗಿತ್ತು ಎಂದರೆ, "ನಮ್ ಕುಣಿಗಲ್ ಕೆರೆ ಪೂರ್ತಿ ಬತ್ತಿಹೋದ್ರೆ ಹೆಂಗಿರುತ್ತೆ, ಹಂಗೆ." ಹಡಗಿಗೆ ಯಾಕೆ ಎರಡೆರಡು ಬಾಗಿಲು ಎಂದು ಪುಟ್ಟಮ್ಮ ಕೇಳಿದರೆ, "ಸ್ಟಡ್ ಫಾರಂನಲ್ಲಿ ಒಂದು ಗೇಟ್ ಹಾಕ್ದೆ ಇನ್ನೊಂದು ತೆಗೀತಾರಾ? ಕುದುರೆ ಓಡೋಗಲ್ವಾ? ಇಲ್ಲಿ ಗಾಳಿ ಓಡೋಗುತ್ತೆ ಪುಟ್ಟಮ್ಮ."

ನಾನು ಬಾಯಿ ಹಾಕದೆ ಇರುತ್ತಿರಲಿಲ್ಲ. "ಆಪಾ, ಅಲ್ಲಿ ಬೆಂಕಿ ಹಂಗೆ ಉರಿಯಲ್ಲ." "ಆಪಾ, ಅಷ್ಟು ಬೇಗ ತಿರುಗಿಸಿದ್ರೆ ಒಳಗಿರೋರ ಮೂಳೆ ಪುಡಿ ಆಗುತ್ತೆ." ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಮೇಡಂ, ಹತ್ತು ಗಂಟೆ ಮೇಲೆ ನಿಮ್ ಕ್ಲಾಸು. ಇದು ನನ್ ಕ್ಲಾಸು. ಸುಮ್ನೆ ಕೂತ್ಕೊಳ್ಳಿ" ಎಂದು ಪರ್ಸಿನಿಂದ ಒಂದು ಏಲಕ್ಕಿ ತೆಗೆದು ನನ್ನ ಕೈಗಿಡುತ್ತಿದ್ದರು. ಬಾಯಿ ಮುಚ್ಚಿಸುವುದಕ್ಕೆ ಏಲಕ್ಕಿ. ನಾನು ತಿಂದ ಏಲಕ್ಕಿಯಲ್ಲಿ ಒಂದು ಮದುವೆಯ ಪಾಯಸ ಆಗುತ್ತಿತ್ತು.

ಹೊಸ ಸೀಸನ್ನಿನ ಮೊದಲ ಎಪಿಸೋಡಿನ ವಿಷಯದಲ್ಲಿ ಅವರಿಗೆ ಅವರದೇ ಕಾನೂನುಗಳಿದ್ದವು. "ಮೊದಲ್ನೇ ಎಪಿಸೋಡ್ ಅಂದ್ರೆ ದಾವತ್ತಲ್ಲಿ ಮೊದಲ್ನೇ ಪಂಕ್ತಿ ಇದ್ದಂಗೆ ಮೇಡಂ. ಅಡುಗೆಯವನ ಕೈ ಅಲ್ಲೇ ಗೊತ್ತಾಗುತ್ತೆ." ಹಳಬರ ಯೋಗಕ್ಷೇಮ ವಿಚಾರಿಸದೆ ಹೊಸಬರನ್ನು ತಂದು ಕೂರಿಸಬಾರದು. ಹೋದ ಸಲ ಅರ್ಧಕ್ಕೆ ಬಿಟ್ಟ ವಿಷಯಕ್ಕೆ ಮೊದಲು ಜವಾಬು ಕೊಡಬೇಕು. ಸೆಟ್ಟು ಎಷ್ಟೇ ಚೆನ್ನಾಗಿರಲಿ, ಜನ ಒಬ್ಬರನ್ನೊಬ್ಬರು ಕಂಡು ಸಂತೋಷಪಡಬೇಕು. "ಇಷ್ಟು ವರ್ಷ ಕಾಯಿಸಿ ಬಂದು, ನಮಗೆ ಸಲಾಂ ಕೂಡ ಹೇಳ್ದೆ ಗುಂಡು ಹಾರಿಸೋಕೆ ಶುರು ಮಾಡಿದ್ರೆ ನಾನ್ಯಾಕೆ ನೋಡ್ಲಿ?" ಎನ್ನುತ್ತಿದ್ದರು. ಆಮೇಲೆ ನೋಡುತ್ತಿದ್ದರು, ಅದು ಬೇರೆ ಮಾತು.

ಮೊದಲ ಸೀಸನ್ನಿನಲ್ಲಿ ಪುಟ್ಟಮ್ಮ ಮನಸ್ಸು ಕೊಟ್ಟದ್ದು ಕ್ಯಾಪ್ಟನ್‌ಗಲ್ಲ, ಹಡಗಿನ ರಿಪೇರಿ ಮಾಡುವ ಒಬ್ಬಳು ಹುಡುಗಿಗೆ. ಸದಾ ಸೊಂಟದಲ್ಲಿ ಸ್ಪ್ಯಾನರು, ಮುಖದ ಮೇಲೆ ಗ್ರೀಸು. ನಾವೆಲ್ಲ ಅವಳನ್ನು ಸ್ಪ್ಯಾನರ್ ಹುಡುಗಿ ಎನ್ನುತ್ತಿದ್ದೆವು. ಆಪಾ ಮೊಬೈಲಿನಲ್ಲಿ ಅವಳ ಫೋಟೋ ತೋರಿಸಿದಾಗ ಪುಟ್ಟಮ್ಮ ಎರಡೂ ಕೈಯಲ್ಲಿ ನಿವಾಳಿಸಿ ಲಟಿಕೆ ಮುರಿದರು. ಸೀಸನ್ನಿನ ಕೊನೆಗೆ ಆ ಹುಡುಗಿ ಬಸುರಿ. ಉಳಿದವರನ್ನು ಕಾಪಾಡುವುದಕ್ಕೆ ಒಂದು ಪುಟ್ಟ ಹಡಗಿನಲ್ಲಿ ಒಬ್ಬಳೇ ಹೋಗಿ, ದಾರಿ ತಪ್ಪಿ, ಕತ್ತಲಲ್ಲಿ ತೇಲಿಕೊಂಡು ದೂರವಾಗುತ್ತಾಳೆ. ಅಲ್ಲಿಗೆ ಕಥೆ ನಿಂತಿತು. ಮುಂದಿನದು ಯಾವಾಗ ಬರುತ್ತದೋ ಅದನ್ನು ಮಾಡುವ ಪುಣ್ಯಾತ್ಮರಿಗೇ ಗೊತ್ತು.

ಅದು ಬರುವ ಹೊತ್ತಿಗೆ ಪುಟ್ಟಮ್ಮನ ಮಗಳೂ ಬಸುರಿಯಾಗಿದ್ದಳು. ಗುಬ್ಬಿಗೆ ಕೊಟ್ಟಿದ್ದ ಮಗಳು. ಅದಕ್ಕೆ ಮುಂಚೆ ಎರಡು ಸಲ ಬಸಿರು ನಿಂತು ಇಳಿದುಹೋಗಿತ್ತು. ದಿನಾ ಬೇರೆಯವರ ಮಕ್ಕಳನ್ನು ಬಿಸಿನೀರಲ್ಲಿ ಒರೆಸಿ ಬಟ್ಟೆ ಸುತ್ತಿ ಕೊಡುವ ಪುಟ್ಟಮ್ಮನಿಗೆ ತನ್ನ ಮಗಳ ಮಾತು ಬಂದರೆ ದೇವರ ಹೆಸರು ಬಿಟ್ಟು ಬೇರೇನೂ ಬಾಯಿಗೆ ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಬಸ್ಸು ಹತ್ತಿದವರೇ ಹೇಳಿದರು, "ಮುಡಿಪು ಕಟ್ಟಿವ್ನಿ ಆಪಾ. ಅರಿಸಿನದ ಬಟ್ಟೇಲಿ ಕಾಸು ಕಟ್ಟಿ ಮನೆದೇವ್ರ ಮುಂದೆ ಇಟ್ಟಿವ್ನಿ."

"ಒಳ್ಳೇದು ಮಾಡಿದ್ರಿ. ಮಗಳಿಗೇ ತಾನೆ?"

"ಮಗಳ್ಗೂ, ನಮ್ ಸ್ಪ್ಯಾನರ್ ಹುಡ್ಗೀಗೂ. ಇಬ್ರೂ ಸಲೀಸಾಗಿ ಎರಡು ಜೀವ ಆಗ್ಲಿ ಅಂತ ಒಂದೇ ಮುಡಿಪು ಕಟ್ಬುಟ್ಟೆ. ಅವ್ಳು ಕ್ಷೇಮವಾಗಿ ಬಂದ್ರೆ ನನ್ ಮಗಳ್ದೂ ಆಯ್ತದೆ ಅಂತ ನನ್ ಮನ್ಸು ಹೇಳ್ತಾ ಅದೆ."

ನಾನು ಹಣೆ ಹಣೆ ಚಚ್ಚಿಕೊಂಡೆ. ಟೀವಿಯಲ್ಲಿ ಪಾರ್ಟು ಮಾಡುವ, ಯಾವ ದೇಶದವಳೋ ಗೊತ್ತಿಲ್ಲದ ಹುಡುಗಿಗೆ ಹೆಬ್ಬೂರಿನ ದೇವರ ಗೂಡಿನಲ್ಲಿ ಮುಡಿಪು! ಆಪಾ ನಗಲಿಲ್ಲ. "ಆಮೀನ್" ಎಂದರು, ಅಷ್ಟೆ.

ಎರಡನೆಯ ಸೀಸನ್ ಬಂದ ಮಾರನೆಯ ಬೆಳಿಗ್ಗೆ ಮರಳೂರಿನಲ್ಲಿ ಹತ್ತಿದ ಆಪಾರ ಮುಖ ಕೆಂಪಗಾಗಿತ್ತು. ಬ್ಯಾಗನ್ನು ತೊಡೆಯ ಮೇಲೆ ಕುಕ್ಕಿಕೊಂಡು ಕೂತರು. "ಸಾಯಿಸಿಬಿಟ್ರು ಮೇಡಂ. ಟೈಟಲ್ ಬರೋಕೂ ಮುಂಚೆ ಸಾಯಿಸಿಬಿಟ್ರು. ಟೈಟಲ್ ಬರೋಕೂ ಮುಂಚೆ! ಹಡಗು ಸಿಗುತ್ತೆ, ಬಾಗಿಲು ತೆಗೀತಾರೆ, ಹುಡುಗೀಗೆ ಉಸಿರಿಲ್ಲ. ಕ್ಯಾಪ್ಟನ್ ಒಂದ್ನಿಮಿಷ ತಲೆ ತಗ್ಗಿಸ್ತಾನೆ, ಆಮೇಲೆ ಯಾವನೋ ಹೊಸ ಮೆಕ್ಯಾನಿಕ್ಕು ಬರ್ತಾನೆ, ತಲೆ ಬಾಚ್ಕೊಂಡು, ಇಸ್ತ್ರಿ ಬಟ್ಟೆ ಹಾಕ್ಕೊಂಡು. ಇವ್ರಿಗೆಲ್ಲ ಅಕ್ಕತಂಗೀರು ಇಲ್ವಾ?"

ಹೆಬ್ಬೂರಿಗೆ ಮುಂಚಿನ ಗೂಳೂರು ದಾಟುವವರೆಗೂ ಬೈದರು. ಅಷ್ಟು ಸಿಟ್ಟು ನಾನು ಅವರಲ್ಲಿ ಕಂಡಿರಲಿಲ್ಲ, ಆಫೀಸಿನಲ್ಲಿ ಪ್ರಮೋಷನ್ ತಪ್ಪಿಸಿದಾಗಲೂ ಕಂಡಿರಲಿಲ್ಲ. ಆಮೇಲೆ ನಾನು ಕೇಳಿದೆ: "ಪುಟ್ಟಮ್ಮನಿಗೆ ಏನು ಹೇಳ್ತೀರಾ?"

ಆಪಾ ಬೆರಳು ಮಡಚಿ ತಿಂಗಳು ಎಣಿಸಿದರು. ಪುಟ್ಟಮ್ಮನ ಮಗಳಿಗೆ ಆಗ ಏಳು ತಿಂಗಳು.

"ಇದ್ದದ್ದು ಇದ್ದ ಹಾಗೆ ಹೇಳಿ ಆಪಾ," ಎಂದೆ. "ಸೀರಿಯಲ್ ಅಷ್ಟೆ. ನಾನು ಬಿಡಿಸಿ ಹೇಳ್ತೀನಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ ಅಂತ."

"ಮೇಡಂ, ಸಂಬಂಧ ಇಲ್ಲ ಅಂತ ನಿಮಗೆ ಗೊತ್ತು, ನನಗೆ ಗೊತ್ತು. ಮನೇಲಿ ಒಬ್ಬಳೇ ಮಲಗಿರೋವಾಗ ಪುಟ್ಟಮ್ಮನ ಎದೆಗೆ ಯಾರು ಹೇಳ್ತಾರೆ?"

ಅಷ್ಟರಲ್ಲಿ ಹೆಬ್ಬೂರು ಬಂತು. ಪುಟ್ಟಮ್ಮ ಜನರನ್ನು ನೂಕಿಕೊಂಡು ಹತ್ತಿ, ಕೂರುವ ಮೊದಲೇ, "ಏನಾಯ್ತು ಆಪಾ? ಸಿಕ್ಕುದ್ಲಾ ನಮ್ ಹುಡ್ಗಿ?" ಎಂದರು. ಕಣ್ಣು ನೋಡಿದರೆ ರಾತ್ರಿ ನಿದ್ದೆ ಮಾಡಿದಂತೆ ಕಾಣುತ್ತಿರಲಿಲ್ಲ.

ಆಪಾ ಕನ್ನಡಕ ತೆಗೆದು ಬುರ್ಖಾದ ತೋಳಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೂ ಸಿಕ್ಕಿಲ್ಲ ಪುಟ್ಟಮ್ಮ. ಆದ್ರೆ ಬದುಕಿದಾಳೆ. ರೇಡಿಯೋದಲ್ಲಿ ಅವಳ ದನಿ ಕೇಳಿಸ್ತು."

ತಪ್ಪು ಕಂಡರೆ ತಿದ್ದುವುದು ನನ್ನ ರೋಗ. ಬಾಯಿ ತೆರೆದೇಬಿಟ್ಟಿದ್ದೆ. ಆಪಾ ಬುರ್ಖಾದ ಮರೆಯಲ್ಲಿ ನನ್ನ ಪಾದವನ್ನು ಚಪ್ಪಲಿಯಿಂದ ಒತ್ತಿ ತುಳಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಪುಟ್ಟಮ್ಮ, "ಅಯ್ಯೋ ನನ್ನವ್ವ, ಬದುಕವ್ಳಲ್ಲ, ಸಾಕು ಬುಡಿ" ಎಂದು ಜೋರಾಗಿ ಉಸಿರುಬಿಟ್ಟದ್ದು ಕೇಳಿಸಿತು.

ಅವತ್ತಿನಿಂದ ನಮ್ಮ ಬಸ್ಸಿನಲ್ಲಿ ಎರಡು ಕಥೆ ಓಡತೊಡಗಿದವು. ಮರಳೂರಿನಿಂದ ಹೆಬ್ಬೂರಿನವರೆಗೆ ನಿಜವಾದದ್ದು. ಹೆಬ್ಬೂರಿನಿಂದ ಮುಂದೆ ಆಪಾರದು. ಮೊದಲ ಭಾಗದಲ್ಲಿ ಎರಡನೆಯ ಭಾಗಕ್ಕೆ ತಯಾರಿ ನಡೆಯಬೇಕಾಗಿತ್ತು, ಅದಕ್ಕೆ ಅವರು ನನ್ನ ಕುತ್ತಿಗೆ ಹಿಡಿದರು.

"ಮೇಡಂ, ಒಬ್ಬಳೇ ಇದಾಳೆ, ಗಾಳಿ ಮುಗೀತಾ ಬಂದಿದೆ. ಏನ್ ಮಾಡೋದು?"

"ಮುಗಿದ್ರೆ ಮುಗೀತು ಆಪಾ. ನೀವೇ ತಂದುಕೊಂಡ ಫಜೀತಿ."

"ವಿಜ್ಞಾನದವರು ಹಿಂಗಾ ಮಾತಾಡೋದು? ಯೋಚ್ನೆ ಮಾಡಿ. ಗೂಳೂರು ಬಂದೇ ಬಿಡ್ತು."

ಗೊಣಗಿಕೊಂಡೇ ಯೋಚಿಸಿದೆ. ನೀರಿಗೆ ಕರೆಂಟು ಹಾಯಿಸಿದರೆ ಆಮ್ಲಜನಕ ಸಿಗುತ್ತದೆ, ಇದು ಮಕ್ಕಳ ಪಾಠದಲ್ಲೇ ಇದೆ. ಕರೆಂಟು ಸೂರ್ಯನಿಂದ. ನೀರು? ಧೂಮಕೇತುವಿನಲ್ಲಿ ಬೇಕಾದಷ್ಟು ಮಂಜುಗಡ್ಡೆ ಇರುತ್ತದಲ್ಲ. ಹೇಳಿದ್ದೇ ತಡ, ಆಪಾ ನನ್ನ ತೊಡೆಗೆ ಫಟ್ಟನೆ ಬಾರಿಸಿದರು. ಹೆಬ್ಬೂರು ದಾಟುವಷ್ಟರಲ್ಲಿ ಅವರ ಕೈ ಕಂಬಿಯ ಮೇಲೆ ತೇಲುತ್ತಾ ಹೋಗಿ ಒಂದು ಧೂಮಕೇತುವಿಗೆ ಕೊಕ್ಕೆ ಹಾಕಿತ್ತು.

ಪುಟ್ಟಮ್ಮನ ಪ್ರಶ್ನೆಗಳೇ ಬೇರೆ. "ಕಾಲು ಊದವಾ?" "ಮಗಾ ಆಡ್ತಾ ಅದಾ?" "ಬಸ್ರಿ ಹೆಂಗ್ಸು, ಅಲ್ಲಿ ಏನ್ ತಿಂತಾವ್ಳೆ?" ಆಪಾ ಹೆರದವರು. ಈ ಪ್ರಶ್ನೆಗಳಿಗೆ ಮೊದಮೊದಲು ನನ್ನ ಮುಖ ನೋಡುತ್ತಿದ್ದರು. ಆಮೇಲೆ ಅಕ್ಕಪಕ್ಕದ ಮನೆಯ ಹೆಂಗಸರನ್ನು ವಿಚಾರಿಸಿಕೊಂಡು ಬರತೊಡಗಿದರು. ಎಂಟನೇ ತಿಂಗಳಲ್ಲಿ ಎದೆಯುರಿ ಬರುತ್ತದಂತೆ, ಹಾಗಾಗಿ ಸ್ಪ್ಯಾನರ್ ಹುಡುಗಿಗೂ ಎದೆಯುರಿ ಬಂತು. ನಾನು ಹೇಳುತ್ತೇನೆ, ಟೀವಿಯಲ್ಲಿ ಬಂದ ಎರಡನೆಯ ಸೀಸನ್ನಿಗಿಂತ ಆಪಾರ ಎರಡನೆಯ ಸೀಸನ್ ಚೆನ್ನಾಗಿತ್ತು. ವಿಜ್ಞಾನವೂ ಸರಿಯಾಗಿತ್ತು, ಅದನ್ನು ಹೇಳಲೇಬೇಕು.

ಒಂದು ಬೆಳಿಗ್ಗೆ ಪುಟ್ಟಮ್ಮ ಹೆಬ್ಬೂರಿನಲ್ಲಿ ಹತ್ತಲಿಲ್ಲ. ಮಗಳಿಗೆ ನೋವು ಬಂದು ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದಾರೆಂದು ಅವರ ಊರಿನವರು ಯಾರೋ ಹೇಳಿದರು. ಆಪಾ ಖಾಲಿ ಜಾಗದಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಕುಣಿಗಲ್‌ವರೆಗೂ ತುಟಿ ಅಲ್ಲಾಡಿಸುತ್ತಾ ಕೂತಿದ್ದರು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿದ್ದಾಗ ಫೋನ್ ಬಂತು. "ಮೇಡಂ, ಹೆಣ್ಣು ಮಗು! ತಾಯಿ ಮಗು ಇಬ್ರೂ ಚೆನ್ನಾಗಿದಾರೆ!" ಆ ಕಡೆ ಆಪಾ ಅಳುತ್ತಿದ್ದರು. ಅಳುತ್ತಲೇ, "ಮೇಡಂ, ನಮ್ ಹುಡುಗೀಗೂ ಇವತ್ತೇ ಆಗ್ಬೇಕು. ತೂಕ ಇಲ್ಲದ ಕಡೆ ಹೆರಿಗೆ ಹೆಂಗೆ?" ಎಂದರು.

"ನನಗೆ ಗೊತ್ತಿಲ್ಲ ಆಪಾ, ಯಾರಿಗೂ ಗೊತ್ತಿಲ್ಲ."

"ಹಾಗಾದ್ರೆ ನಾನು ನೋಡ್ಕೋತೀನಿ ಬಿಡಿ."

ಪುಟ್ಟಮ್ಮ ಮನೆದೇವರ ಗುಡಿಗೆ ಹೋಗಿ ಹಣ್ಣು ಕಾಯಿ ಮಾಡಿಸಿ ಮುಡಿಪು ಒಪ್ಪಿಸಿ ಬಂದರು. ಅದಾದ ಮೇಲೆ ಒಂದು ದಿನ ನಾನು ಆಪಾಗೆ ಹೇಳಿದೆ, ಇನ್ನು ಭಯ ಇಲ್ಲವಲ್ಲ, ಹೇಗಾದರೂ ಮಾಡಿ ಕಥೆಯನ್ನು ನಿಜದ ದಾರಿಗೆ ತನ್ನಿ, ಇಲ್ಲದಿದ್ದರೆ ಮುಂದೆ ಸಿಕ್ಕಿಹಾಕಿಕೊಳ್ಳುತ್ತೀರಿ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಈಗ ಸಾಯಿಸಿದ್ರೆ ಆ ಮಗು ತಬ್ಬಲಿ ಆಗಲ್ವಾ ಮೇಡಂ? ಟೀವಿಯವರ ಹತ್ರ ಆ ಮಗು ಇಲ್ಲವೇ ಇಲ್ಲ. ಅದಕ್ಕೆ ಇರೋದು ನಾನೊಬ್ಬಳೇ." ಅವತ್ತು ನಾನೇ ಏಲಕ್ಕಿ ಕೇಳಿ ತೆಗೆದುಕೊಂಡೆ.

ಸೀಸನ್ ಮುಗಿದು ಎಷ್ಟೋ ಕಾಲವಾದರೂ ಆ ತಾಯಿ ಮಗು ಬಸ್ಸಿನಲ್ಲಿ ಬೆಳೆದರು. ಹಲ್ಲು ಬಂತು, ಅಂಬೆಗಾಲಿಟ್ಟಿತು, ತೇಲುವ ಹಡಗಿನಲ್ಲಿ ಅಂಬೆಗಾಲು ಹೇಗೆ ಎಂದು ನಾನು ಕೇಳಲಿಲ್ಲ. ಮೂರನೆಯ ಸೀಸನ್ ಕನ್ನಡದಲ್ಲೂ ಬರುತ್ತದೆ ಎಂಬ ಸುದ್ದಿ ಮೊಬೈಲಿನಲ್ಲಿ ನೋಡಿದ ದಿನ ಆಪಾ ಬೆವತುಹೋದರು. "ಕನ್ನಡದಲ್ಲಿ ಬಂದ್ರೆ ಪುಟ್ಟಮ್ಮನೇ ನೋಡ್ತಾಳೆ. ನನ್ನ ಮುಖ ಹೆಂಗೆ ತೋರಿಸ್ಲಿ? ಇಷ್ಟು ದಿನ ಸುಳ್ಳು ಹೇಳಿದ್ಲು ಅಂತ ನನ್ನ ಪಕ್ಕ ಕೂರೋದನ್ನೇ ಬಿಟ್ರೆ?" ಆಪಾಗೆ ಬೇರೆ ಯಾವ ಚಿಂತೆಯೂ ಇರಲಿಲ್ಲ. ಅದೊಂದೇ.

ಆ ಮುಖ ತೋರಿಸುವ ಕಷ್ಟ ಅವರಿಗೆ ಬರಲಿಲ್ಲ. ಒಂದು ಶುಕ್ರವಾರ ಆಫೀಸಿಗೆ ರಜ ಹಾಕಿ ಮನೆಯಲ್ಲಿದ್ದಾಗ ಎದೆನೋವು ಬಂತು, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಷ್ಟು ವರ್ಷ ಕಾದ ಎಪಿಸೋಡನ್ನು ನೋಡದೆ ಹೋದರು. ಈ ಒಂದು ವಿಷಯಕ್ಕೆ ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ಇನ್ನೂ ಗೊತ್ತಾಗಿಲ್ಲ.

ಕಳೆದ ವಾರ ಪುಟ್ಟಮ್ಮನೇ ಕರೆದರು. "ಭಾನ್ವಾರ ಬರ್ತದಂತೆ ಟೀಚರಮ್ಮ, ಕನ್ನಡದಲ್ಲೇ. ಆಪಾ ಇದ್ದಿದ್ರೆ ಮೂರು ಜನ ಕುಂತು ನೋಡ್ಬೋದಿತ್ತು. ನೀವಾದ್ರೂ ಬನ್ನಿ." ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಪುಟ್ಟಮ್ಮ ಅದನ್ನು ಒಬ್ಬರೇ ನೋಡುವುದು ನನಗೆ ಬೇಡವಾಗಿತ್ತು. ಆಪಾಗೆ ಬೀಳಬೇಕಾದ ಬೈಗುಳ ಇದ್ದರೆ ಅದನ್ನು ನಾನು ತಿಂದು ಬರೋಣ ಎಂದು ಹೊರಟೆ.

ಪುಟ್ಟಮ್ಮನ ಮನೆಯ ಹಜಾರದಲ್ಲಿ, ಗುಬ್ಬಿಯಿಂದ ಬಂದಿದ್ದ ಮಗಳು ಟೀವಿ ಹಾಕಿದಳು. ಮೊಮ್ಮಗಳು ಪುಟ್ಟಮ್ಮನ ತೊಡೆಯ ಮೇಲೆ ಕೂತು ಚಕ್ಕುಲಿ ಕಡಿಯುತ್ತಿತ್ತು. ಎಪಿಸೋಡಿನ ಬಗ್ಗೆ ಹೇಳುವುದಾದರೆ, ಆಪಾ ಮೆಚ್ಚುತ್ತಿದ್ದರು. ಗುಂಡು ಹಾರಲಿಲ್ಲ. ಹಡಗು ಬಹಳ ವರ್ಷಗಳ ಮೇಲೆ ಮನೆಯ ದಾರಿ ಹಿಡಿದಿದೆ, ಹಳಬರಿಗೆ ತಲೆ ನರೆತಿದೆ, ಒಬ್ಬರನ್ನೊಬ್ಬರು ಕಂಡು ನಿಜವಾಗಿ ಸಂತೋಷಪಡುತ್ತಾರೆ. ಹೊರಗೆ ಏನೋ ಒಡೆದಾಗ ಸದ್ದೇ ಬರಲಿಲ್ಲ. ನನಗೆ ರೋಮಾಂಚನವಾಯಿತು, ಕಡೆಗೂ ಇವರು ಪಾಠ ಓದಿದ್ದಾರೆ! ಪಕ್ಕಕ್ಕೆ ತಿರುಗಿ ಹೇಳಲು ಹೋದೆ, ಅಲ್ಲಿ ಆಪಾ ಇರಲಿಲ್ಲ.

ಅಷ್ಟರಲ್ಲಿ ನಾನು ಹೆದರಿದ್ದು ಬಂದೇ ಬಂತು. ಕ್ಯಾಪ್ಟನ್ ಹಡಗಿನ ಒಂದು ಗೋಡೆಯ ಮುಂದೆ ನಿಲ್ಲುತ್ತಾನೆ. ಅಲ್ಲಿ ಸತ್ತವರ ಫೋಟೋಗಳಿವೆ. ನಡುವೆ ಆ ಹುಡುಗಿಯದು, ಮುಖದ ಮೇಲೆ ಗ್ರೀಸು. "ನೀನೂ ನಿನ್ನ ಮಗುವೂ ಇದ್ದಿದ್ದರೆ ಇವತ್ತು ಮನೆಗೆ ಬರುತ್ತಿದ್ದಿರಿ" ಎನ್ನುತ್ತಾನೆ, ಸ್ವಚ್ಛ ಕನ್ನಡದಲ್ಲಿ.

ಪುಟ್ಟಮ್ಮ ಟೀವಿಯನ್ನೇ ನೋಡುತ್ತಿದ್ದರು. "ನಿಲ್ಸು" ಎಂದು ಮಗಳಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು. "ಇವ್ಳು ಯಾವಾಗ ಸತ್ತೋದ್ಲು ಟೀಚರಮ್ಮ?"

ಸುಳ್ಳು ಹೇಳುವುದಕ್ಕೆ ನನಗೆ ಆಪಾರಷ್ಟು ಬರುವುದಿಲ್ಲ. "ಎರಡನೇ ಸೀಸನ್‌ನ ಶುರುನಲ್ಲೇ. ನಿಮ್ಮ ಮಗಳಿಗೆ ಆಗ ಏಳು ತಿಂಗಳು."

"ಮತ್ತೆ ಆ ಧೂಮಕೇತು? ನೀರು? ಆ ಕೂಸು?"

"ಎಲ್ಲ ಆಪಾ ಕಟ್ಟಿದ್ದು. ನೀವು ಮುಡಿಪು ಕಟ್ಟಿದ್ರಲ್ಲ. ಅವರಿಗೆ ಸತ್ತಳು ಅನ್ನೋಕೆ ಬಾಯಿ ಬರಲಿಲ್ಲ. ನನ್ನನ್ನೂ ಸೇರಿಸ್ಕೊಂಡ್ರು. ಬೈಯೋದಿದ್ರೆ ನನಗೆ ಬೈಯಿರಿ ಪುಟ್ಟಮ್ಮ."

ಪುಟ್ಟಮ್ಮ ಮೊಮ್ಮಗಳ ನೆತ್ತಿ ಸವರುತ್ತಾ ಕೂತರು. ಮಗು ಚಕ್ಕುಲಿಯ ಚೂರೊಂದನ್ನು ಅಜ್ಜಿಯ ಬಾಯಿಗೆ ತುರುಕಿತು. ಅದನ್ನು ಅಗಿಯುತ್ತಲೇ ಪುಟ್ಟಮ್ಮನ ಕಣ್ಣಲ್ಲಿ ನೀರು ಇಳಿಯತೊಡಗಿತು, ಒರೆಸಿಕೊಳ್ಳಲೂ ಇಲ್ಲ.

"ನಾ ಕಟ್ಟಿದ್ದು ಒಂದೇ ಮುಡಿಪು," ಎಂದರು. "ನನ್ ಮಗಳ್ನ ದೇವ್ರು ಉಳುಸ್ದ. ಈ ಸ್ಪ್ಯಾನರ್ ಹುಡ್ಗೀನ ಆಪಾ ಉಳುಸುದ್ರು. ಹಣ್ಣು ಕಾಯಿ ದೇವ್ರೊಬ್ನಿಗೇ ಕೊಟ್ಟು ಬಂದ್ಬುಟ್ನಲ್ಲ ಟೀಚರಮ್ಮ!"